ಡಿಸ್‌ಪ್ಲೇ ಎದ್ದಿದ್ದರೆ ಗಮ್ ಅಲ್ಲ, ಮೊದಲು ಬ್ಯಾಟರಿ ನೋಡಿ

ದಾವಣಗೆರೆಯಲ್ಲಿ ಬಿಸಿಲು ಏರುತ್ತಿದ್ದಂತೆ ಮೊಬೈಲ್ ರಿಪೇರಿ ಟೇಬಲ್‌ಗೆ ಬರುವ ಮಾತು ಒಂದೇ: "ಡಿಸ್‌ಪ್ಲೇ ಎದ್ದೈತಿ ಅಣ್ಣಾ, ಸ್ವಲ್ಪ ಗಮ್ ಹಾಕಿ ಕೂರ್ಸಿ ಕೊಡ್ರಿ." ಬಿದ್ದ ಫೋನಾದರೆ ಸಾಮಾನ್ಯವಾಗಿ ಒಂದು ಮೂಲೆ ಎದ್ದಿರುತ್ತದೆ. ಪಕ್ಕದ ಅಂಚು ನಡುವಿನಲ್ಲಿ ಬಾಯಿ ಬಿಟ್ಟಿದ್ದರೆ, ಬ್ಯಾಕ್ ಕವರ್ ಉಬ್ಬಿದ್ದರೆ, ಒಳಗಿನ ಬ್ಯಾಟರಿ ಉಬ್ಬಿದೆಯೇ ಎಂಬ ಅನುಮಾನ. ಪೌಚ್ ತೆಗೆದು, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿದರೆ ತಿಳಿಯುತ್ತದೆ. ಅದನ್ನು ಒತ್ತಿ ಕೂರಿಸಲು ಹೋಗಬೇಡಿ.

ಫೋನಿನ ಬ್ಯಾಟರಿ ಎಂದರೆ ಸಾಮಾನ್ಯವಾಗಿ ತೆಳುವಾದ ಅಲ್ಯೂಮಿನಿಯಂ ಚೀಲ. ಒಳಗೆ ಎರಡು ಧ್ರುವದ ಪದರಗಳು, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಹೊತ್ತಿಕೊಳ್ಳುವ ದ್ರವ. ಕಾವು ಹೆಚ್ಚಿ, ಯಾವಾಗಲೂ ಫುಲ್ ಚಾರ್ಜಿನಲ್ಲೇ ಇದ್ದರೆ ಆ ದ್ರವ ವಿಭಜನೆಯಾಗಿ ಗ್ಯಾಸ್ ಹುಟ್ಟುತ್ತದೆ. ಹೋಗಲು ದಾರಿಯಿಲ್ಲದೆ ಚೀಲ ಉಬ್ಬುತ್ತದೆ. ಒತ್ತಿದರೆ ಪರದೆ ಹರಿದು ಒಳಗೇ ಶಾರ್ಟ್ ಆಗಬಹುದು.

ಬ್ಯಾಟರಿ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲ. ಚಿತ್ರದುರ್ಗದ ಹೈವೇಯಲ್ಲಿ ಬೈಕ್ ಹೋಲ್ಡರ್‌ಗೆ ಫೋನ್ ಸಿಕ್ಕಿಸಿ, ಮ್ಯಾಪ್ ಹಾಕಿ, ಚಾರ್ಜೂ ಕೊಟ್ಟರೆ ಬಿಸಿಲು, ಸ್ಕ್ರೀನು, ಚಾರ್ಜು ಮೂರರ ಕಾವೂ ಸೇರುತ್ತದೆ. ಮಂಡಕ್ಕಿ ಭಟ್ಟಿಯ ಒಲೆ ಪಕ್ಕದ ಗೂಡು ಫೋನಿಡುವ ಜಾಗವಲ್ಲ. ಅಂಗಡಿಗಳಲ್ಲಿ ಹಣದ ಮೆಸೇಜ್ ನೋಡಲೆಂದು ದಿನವಿಡೀ ಪ್ಲಗ್‌ನಲ್ಲಿ ನೇತಾಡುವ ಫೋನುಗಳದ್ದೂ ಇದೇ ಪಾಡು. ಚಾರ್ಜ್ 80 ಪರ್ಸೆಂಟ್‌ಗೆ ಬಂದಾಗ ಪ್ಲಗ್ ತೆಗೆಯಿರಿ.

ಉಬ್ಬಿದ್ದು ಕಂಡ ಕೂಡಲೇ ಚಾರ್ಜರ್ ತೆಗೆದು ಫೋನ್ ಸ್ವಿಚ್ ಆಫ್ ಮಾಡಿ. ಬಟ್ಟೆ, ಕಾಗದದಿಂದ ದೂರ, ಟೈಲ್ಸ್ ಮೇಲಿಡಿ. ಪ್ಯಾಂಟಿನ ಜೇಬಲ್ಲಿ ಹಾಕಿಕೊಂಡು ತರಬೇಡಿ. ಫೋಟೋ ಹೋಗುತ್ತವೆ ಎಂಬ ಭಯಕ್ಕೆ ಬಹಳ ಜನ ರಿಪೇರಿ ಮುಂದೂಡುತ್ತಾರೆ. ಫೋಟೋ ಇರುವುದು ಬೋರ್ಡಿನ ಮೆಮೊರಿಯಲ್ಲಿ, ಬ್ಯಾಟರಿ ಬದಲಿಸಿದರೆ ಅವು ಅಳಿಯುವುದಿಲ್ಲ. ಬ್ಯಾಟರಿ ಬದಲಿಸುವ ನೆಪದಲ್ಲಿ ಪಾಸ್‌ವರ್ಡ್ ಕೇಳಿದರೆ ಕೊಡಬೇಕಿಲ್ಲ.

ಕೆಲಸ ಕಲಿಯುವ ಹುಡುಗರಿಗೆ: ಫೋನ್ ತೆರೆದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಉಬ್ಬಿದ ಬ್ಯಾಟರಿಗೆ ಹೀಟ್ ಗನ್ ಹಿಡಿಯಬೇಡಿ. ಬ್ಯಾಟರಿಯ ಅಂಚಿಗೆ ಅಂಟು ಸಡಿಲಿಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಕೆಲವು ಹನಿ ಬಿಟ್ಟು, ಒಂದೆರಡು ನಿಮಿಷ ಕಾದು, ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನಕ್ಕೆ ಬಿಡಿಸಿ. ಸ್ಕ್ರೂಡ್ರೈವರ್ ಬೇಡವೇ ಬೇಡ, ಒಂದು ತೂತು ಬಿದ್ದರೆ ಸಾಕು, ಬುಸ್ಸೆಂದು ಹೊಗೆ ಬರುತ್ತದೆ. ಆ ಹೊಗೆ ವಿಷ, ಮುಖ ಒಡ್ಡದೆ ಹೊರಗೆ ಬನ್ನಿ. ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ.

ತೆಗೆದ ಬ್ಯಾಟರಿಯ ಕನೆಕ್ಟರ್‌ಗೆ ಟೇಪ್ ಸುತ್ತಿ ಬೇರೆಯಾಗಿಡಿ. ಕಸದ ಗಾಡಿಗೆ ಹಾಕಿದರೆ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಬೇರೆ ಕಸದ ಜೊತೆ ಹಾಕಬೇಡಿ ಎನ್ನುತ್ತದೆ. ಹೊಸದನ್ನು ಕೂರಿಸುವ ಮುನ್ನ ಅದರ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನಂಬರ್ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ. ತಯಾರಕರ ಹೆಸರು ತಾಳೆಯಾಗದಿದ್ದರೆ ವಾಪಸ್ ಕೊಡಿ.