ಉತ್ತರದ ಜಲ್ಲಿ ರಸ್ತೆಯಲ್ಲಿ ಕಳೆ ಕೀಳುವವರು ಮೊದಲು ಸೇತುವೆಗೆ ಹೋಗಬೇಕು, ಯಾಕೆ?

ಅಲಾಸ್ಕಾದ ಡಾಲ್ಟನ್ ಹೆದ್ದಾರಿಯನ್ನು 1974ರಲ್ಲಿ ತೈಲದ ಪೈಪ್‌ಲೈನ್ ಕಟ್ಟುವ ಸಲುವಾಗಿಯೇ ಹಾಕಿದರು. ಫೇರ್‌ಬ್ಯಾಂಕ್ಸ್‌ನ ಉತ್ತರಕ್ಕೆ ಶುರುವಾಗಿ, ಯೂಕಾನ್ ನದಿ ದಾಟಿ, ಅಟಿಗನ್ ಪಾಸ್‌ನಲ್ಲಿ ಬ್ರೂಕ್ಸ್ ಬೆಟ್ಟಸಾಲು ಹತ್ತಿಳಿದು, 666 ಕಿ.ಮೀ. ಆದಮೇಲೆ ಡೆಡ್‌ಹಾರ್ಸ್‌ನಲ್ಲಿ ನಿಲ್ಲುತ್ತದೆ. ಬಹುಪಾಲು ಇವತ್ತಿಗೂ ಜಲ್ಲಿ ರಸ್ತೆ. ಇಂಥ ಕಡೆ ರಸ್ತೆಯಂಚಿನ ಗಿಡ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುವುದು ಒಂದೇ: ಈ ಚಳಿಗೆ ಕಳೆ ಹೇಗೆ ಬಂತು? ಗಾಳಿಯ ಮೇಲೆ ಹೊರಿಸುವ ಮುಂಚೆ ರಸ್ತೆ ಮಟ್ಟ ಮಾಡುವ ಗ್ರೇಡರ್ ಯಂತ್ರದ ಬ್ಲೇಡಿಗೆ ಅಂಟಿರುವ ಮಣ್ಣನ್ನು ಒಮ್ಮೆ ಕೆರೆದು ನೋಡಿ.

ಮೊದಲು ನೆಲದ ವಿಷಯ. ಅಲ್ಲಿನ ಟಂಡ್ರಾ, ಅಂದರೆ ಮರವಿಲ್ಲದ ಚಳಿ ಬಯಲು, ಹೊರಗಿನ ಬೀಜಕ್ಕೆ ಸುಲಭವಾಗಿ ಸೊಪ್ಪು ಹಾಕುವುದಿಲ್ಲ. ಮೇಲೆ ದಪ್ಪ ಪಾಚಿ, ಅದರಡಿ ಹುಳಿಮಣ್ಣು, ಅದರ ಕೆಳಗೆ ಬೇಸಿಗೆಯಲ್ಲೂ ಕರಗದ ಪರ್ಮಾಫ್ರಾಸ್ಟ್. ಬೀಜ ಬಿದ್ದರೂ ಬೇರಿಗೆ ಖನಿಜ ಮಣ್ಣು ಸಿಗುವುದಿಲ್ಲ. ರಸ್ತೆ ಮಾಡಿದಾಗ ಇದೆಲ್ಲ ತಲೆಕೆಳಗಾಗುತ್ತದೆ. ಕೆಳಗಿನ ಮಂಜು ಕರಗಿ ರಸ್ತೆ ಕುಸಿಯಬಾರದೆಂದು ಒಂದೂವರೆ-ಎರಡು ಮೀಟರ್ ಎತ್ತರಕ್ಕೆ ಜಲ್ಲಿ ತುಂಬುತ್ತಾರೆ. ಆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ, ಬಿಸಿಲಿಗೆ ಬೇಗ ಕಾಯುತ್ತದೆ, ಪೈಪೋಟಿಗೆ ಒಂದು ಗಿಡವೂ ಇರುವುದಿಲ್ಲ. ಲಾರಿಗಳು ಎಬ್ಬಿಸುವ ಧೂಳು ಪಕ್ಕದ ಹಿಮದ ಮೇಲೆ ಕೂತು ಅದನ್ನು ಕಪ್ಪಾಗಿಸುತ್ತದೆ; ರಸ್ತೆಯ ಮಗ್ಗುಲಲ್ಲಿ ಹಿಮ ಬೇರೆ ಕಡೆಗಿಂತ ಒಂದೆರಡು ವಾರ ಮುಂಚೆಯೇ ಕರಗುವುದುಂಟು. ಅದೇ ಧೂಳು ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ, ಪಾಚಿ ಸಾಯುತ್ತದೆ. ಒಟ್ಟಿನಲ್ಲಿ ಟಂಡ್ರಾದ ನಡುವೆ ಕೆಲವೇ ಮೀಟರ್ ಅಗಲದ, ಬೇರೆಯೇ ಹವೆಯ ಒಂದು ಪಟ್ಟಿ ತಯಾರಾಗುತ್ತದೆ.

ಅಲ್ಲಿ ಮೊದಲು ಕಾಲಿಡುವವರೆಲ್ಲ ಕಳೆಗಳಲ್ಲ. ಗುಲಾಬಿ-ನೇರಳೆ ಹೂವಿನ ಫೈರ್‌ವೀಡ್ ಹತ್ತಿಯಂಥ ಬೀಜ ಹಾರಿಸಿಕೊಂಡು ಬರುತ್ತದೆ, ಆಮೇಲೆ ನೆಲದೊಳಗಿನ ಕಾಂಡದಿಂದ ಹಬ್ಬುತ್ತದೆ. ಒದ್ದೆ ಚರಂಡಿಯಲ್ಲಿ ಹಾರ್ಸ್‌ಟೇಲ್, ಇಳಿಜಾರಿನಲ್ಲಿ ವಿಲೋ ಮತ್ತು ಆಲ್ಡರ್ ಪೊದೆಗಳು. ಇವು ಅಲ್ಲಿಯವೇ. ಕೀಳಬೇಡಿ. ವಿಲೋ ಮತ್ತು ಆಲ್ಡರ್ ಮಾತ್ರ ಎತ್ತರವಾದರೆ ಸವರಬೇಕು, ಯಾಕೆಂದರೆ ಪೊದೆ ಮರೆಯಿಂದ ಮೂಸ್ ಎಂಬ ಭಾರಿ ಜಿಂಕೆ ಸೀದಾ ರಸ್ತೆಗೆ ನುಗ್ಗುತ್ತದೆ. ಅದಕ್ಕೆ ಡಿಕ್ಕಿ ಹೊಡೆದ ಕಾರು ಉಳಿಯುವುದು ಕಷ್ಟ.

ನಿಜವಾದ ತಲೆನೋವು ಬಿಳಿ ಸ್ವೀಟ್‌ಕ್ಲೋವರ್. 1913ರಲ್ಲಿ ಮೇವಿಗೆ ಮತ್ತು ಮಣ್ಣಿಗೆ ಸಾರಜನಕ ಸೇರಿಸುವುದಕ್ಕೆಂದು ಅಲಾಸ್ಕಾಕ್ಕೆ ತಂದದ್ದು. ಮೆಂತ್ಯದ ಹತ್ತಿರದ ನೆಂಟ. ಎಲೆ ಮೂರು ಮೂರಾಗಿರುವುದನ್ನು ಕಂಡರೆ ನಮ್ಮವರಿಗೆ ಬೇಗ ಗುರುತು ಸಿಗುತ್ತದೆ. ಜಲ್ಲಿಯಲ್ಲಿ ಸಾರಜನಕ ಇರುವುದೇ ಇಲ್ಲವೆನ್ನಬೇಕು, ಈ ಗಿಡ ಬೇರಿನ ಗಂಟುಗಳಿಂದ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ದೊಡ್ಡ ಗಿಡವೊಂದು 3 ಲಕ್ಷಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಬೀಜದ ಸಿಪ್ಪೆ ಗಟ್ಟಿ. 80 ವರ್ಷ ಮಣ್ಣಲ್ಲಿದ್ದು ಮೊಳೆತದ್ದೂ ಇದೆ. ಹಾಗಾಗಿ ಒಂದು ಸಲ ಬೀಜ ಉದುರಲು ಬಿಟ್ಟ ಜಾಗಕ್ಕೆ ನಿಮ್ಮ ನಂತರ ಬರುವವರೂ ಹೋಗುತ್ತಿರಬೇಕಾಗುತ್ತದೆ.

ಇದು ಎರಡು ವರ್ಷದ ಗಿಡ. ಹೆಚ್ಚಿನ ಕೆಲಸ ಕೆಡುವುದು ಇದನ್ನು ಗಮನಿಸದೆ. ಮೊದಲ ವರ್ಷ ಎಲೆ ಮತ್ತು ತಾಯಿಬೇರು ಮಾತ್ರ. ಬೇಸಿಗೆಯ ಕೊನೆಗೆ ಬೇರಿನ ತಲೆಯಲ್ಲಿ, ಮಣ್ಣಿನ ಸ್ವಲ್ಪ ಕೆಳಗೆ, ಮುಂದಿನ ವರ್ಷದ ಮೊಗ್ಗು ಕಟ್ಟುತ್ತದೆ. ಆಗ ಕೈಯಲ್ಲಿ ಎಳೆದರೆ ಕಾಂಡ ಕಿತ್ತು ಬರುತ್ತದೆ, ಮೊಗ್ಗು ಅಲ್ಲೇ ಉಳಿಯುತ್ತದೆ. ಕಿರಿದಾದ ಸಲಿಕೆಯನ್ನು ಓರೆಯಾಗಿ ಹಾಕಿ ಮಣ್ಣಿನಿಂದ ನಾಲ್ಕೈದು ಸೆಂ.ಮೀ. ಕೆಳಗೆ ಬೇರು ಕತ್ತರಿಸಬೇಕು. ಎರಡನೇ ವರ್ಷದ ಗಿಡದ ಲೆಕ್ಕ ಬೇರೆ. ಬುಡದ ಮೊಗ್ಗುಗಳೆಲ್ಲ ವಸಂತದಲ್ಲೇ ಖರ್ಚಾಗಿರುತ್ತವೆ, ಮತ್ತೆ ಚಿಗುರಬೇಕೆಂದರೆ ಕಾಂಡದಲ್ಲಿರುವ ಎಲೆಕಂಕುಳಿನ ಮೊಗ್ಗುಗಳೇ ಗತಿ. ಕತ್ತರಿಸಿದ ಮೋಟನ್ನು ಬಗ್ಗಿ ನೋಡಿ: ಅದರ ಮೇಲೆ ಒಂದೇ ಒಂದು ಎಲೆಯ ಗುರುತು ಉಳಿದಿದ್ದರೂ ಅಲ್ಲಿಂದ ಪಕ್ಕದ ರೆಂಬೆ ಹೊರಟು ಆಗಸ್ಟ್‌ನಲ್ಲಿ ಹೂ ಬಿಡುತ್ತದೆ. 15 ಸೆಂ.ಮೀ. ಎತ್ತರಕ್ಕೆ ಇಟ್ಟ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಮಾಡುವುದು ಇದನ್ನೇ. ಒಂದು ಕಾಂಡವಿದ್ದ ಕಡೆ ನಾಲ್ಕು, ಅವೂ ಮುಂದಿನ ಸಲ ಬ್ಲೇಡಿಗೆ ಸಿಗದಷ್ಟು ಗಿಡ್ಡ. ನೆಲಮಟ್ಟಕ್ಕೆ, ಹೂ ಬಂದಮೇಲೆ ಆದರೆ ಕಾಯಿ ಬಲಿಯುವ ಮುಂಚೆ ಕತ್ತರಿಸಿ. ಮಳೆ ಬಂದ ಮರುದಿನವಾದರೆ ಎರಡನೇ ವರ್ಷದ ಗಿಡ ಜಲ್ಲಿಯಿಂದ ಬೇರುಸಮೇತ ಸಲೀಸಾಗಿ ಬರುತ್ತದೆ, ಕತ್ತಿಯೇ ಬೇಡ.

ಹೂ ಇಲ್ಲದ್ದನ್ನು ಬೇರು ಮೇಲೆ ಮಾಡಿ ಜಲ್ಲಿಯ ಮೇಲೇ ಒಣಗಲು ಬಿಡಬಹುದು. ಹೂ ಅಥವಾ ಕಾಯಿ ಇದ್ದರೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಕಿತ್ತ ಗಿಡದಲ್ಲೂ ಕಾಯಿ ಬಲಿಯುತ್ತದೆ. ಜೂನ್ ಕೊನೆಗೆ ಒಂದು ಸುತ್ತು, ಆಗಸ್ಟ್ ಮೊದಲಿಗೆ ಇನ್ನೊಂದು. ಒಂದೇ ಸುತ್ತಿಗೆ ಹಣವಿದ್ದರೆ ಪೂರ್ತಿ ರಸ್ತೆ ಬಿಟ್ಟು ಅರ್ಧ ರಸ್ತೆಯನ್ನು ಎರಡು ಸಲ ಮಾಡುವುದು ಮೇಲು.

ಯಾವ ಅರ್ಧ? ಇಲ್ಲೇ ಸೇತುವೆಯ ಮಾತು ಬರುವುದು. ಟಂಡ್ರಾ ಮತ್ತು ಸ್ಪ್ರೂಸ್ ಕಾಡಿನೊಳಕ್ಕೆ ಈ ಗಿಡ ಸುಲಭಕ್ಕೆ ನುಗ್ಗುವುದಿಲ್ಲ, ರಸ್ತೆಯಂಚಿನಲ್ಲೇ ಸಾಲಾಗಿ ನಿಂತಿರುತ್ತದೆ. ಆದರೆ ಉತ್ತರದ ನದಿಗಳ ದಂಡೆಯೂ ರಸ್ತೆಯಂಚಿನಂತೆಯೇ ಬರಿಯ ಜಲ್ಲಿ, ಮರಳು, ಬಿಸಿಲು. ಬೀಜ ನೀರಿಗೆ ಬಿದ್ದರೆ ಮುಗಿಯಿತು. ಮಟಾನುಸ್ಕಾ, ನೆನಾನಾ, ಸ್ಟಿಕೀನ್ ನದಿಗಳ ದಂಡೆಗಳಲ್ಲಿ ಈಗಾಗಲೇ ಸ್ವೀಟ್‌ಕ್ಲೋವರ್ ನೆಲೆಯೂರಿದೆ. ಆಳೆತ್ತರ ಬೆಳೆದು ವಿಲೋ ಸಸಿಗಳಿಗೆ ಬೆಳಕು ತಪ್ಪಿಸುತ್ತದೆ. ಡಾಲ್ಟನ್ ದಾಟುವ ಜಿಮ್, ಕೊಯುಕುಕ್‌ನಂಥ ನದಿಗಳ ಕೆಳಪಾತ್ರದಲ್ಲಿ ಕನೂಟಿ ವನ್ಯಜೀವಿ ಧಾಮವಿದೆ. ಸ್ವಯಂಸೇವಕರು ಬಂದು ಆ ನದಿಗಳ ಸೇತುವೆಗಳ ಬಳಿ ಗಿಡ ಕೀಳುವುದು ಅದಕ್ಕೇ. ಸೇತುವೆಯ ಎರಡೂ ಬದಿ ಕಡಿಮೆಯೆಂದರೆ 100 ಮೀಟರ್ ಪೂರ್ತಿ ಚೊಕ್ಕವಾಗಲಿ, ಆಮೇಲೆ ನದಿಗೆ ನೀರು ಬಿಡುವ ಮೋರಿಗಳು, ಆಮೇಲೆ ದೋಣಿ ಇಳಿಸುವ ಪಾರ್ಕಿಂಗ್. ಉಳಿದ ಸಪಾಟು ರಸ್ತೆ ಕಾಯಬಹುದು. ಮ್ಯಾಪಿನಲ್ಲಿ ಕಳೆ ಅತಿ ದಟ್ಟವಾಗಿ ಕಾಣುವ ಜಾಗಕ್ಕೆ ಮೊದಲು ಹೋಗಬೇಕೆಂದು ಎಲ್ಲರಿಗೂ ಅನಿಸುತ್ತದೆ. ಅಲ್ಲಿ ಬೀಜ ಹೇಗೂ ಬಿದ್ದಾಗಿದೆ. ಸೇತುವೆ ಪಕ್ಕದ ಹತ್ತು ಗಿಡ ಅದಕ್ಕಿಂತ ತುರ್ತು.

ಉಳಿದ ಕಳೆಗಳು ಬೇಗ ಹೇಳಿ ಮುಗಿಯುತ್ತವೆ. ಬರ್ಡ್ ವೆಚ್ ನೇರಳೆ ಹೂವಿನ ಬಳ್ಳಿ, ನೆಲದೊಳಗೇ ಹರಡುತ್ತದೆ, ಕೈಯಲ್ಲಿ ಕಿತ್ತರೆ ಸಾಯುವುದಿಲ್ಲ. ಹಾಕ್ಸ್‌ಬಿಯರ್ಡ್ ಹಳದಿ ಹೂವಿನದು, ಬೀಜ ಗಾಳಿಗೆ ಹಾರುತ್ತದೆ, ಬೇರು ಸಣ್ಣದು. ಫಾಕ್ಸ್‌ಟೇಲ್ ಬಾರ್ಲಿ ಉಪ್ಪು ತಡೆಯುವ ಹುಲ್ಲು, ತೆನೆಯ ಮುಳ್ಳಿಗೆ ಹಿಂಗೊಕ್ಕೆ ಇರುವುದರಿಂದ ನಾಯಿಗಳ ಮೂಗು, ವಸಡಿನಲ್ಲಿ ಚುಚ್ಚಿಕೊಂಡು ಒಳಕ್ಕೆ ಹೋಗುತ್ತದೆ.

ಇನ್ನು ಯಂತ್ರಗಳು. ಲೋಡು ಮಣ್ಣಿನ ಜೊತೆ ಪಾರ್ಥೇನಿಯಂ ಒಂದು ಲೇಔಟಿನಿಂದ ಇನ್ನೊಂದಕ್ಕೆ ಹೋಗುವುದನ್ನು ಬೆಂಗಳೂರಿನ ಸುತ್ತಮುತ್ತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರೇಡರ್ ಅಂಚಿನ ಜಲ್ಲಿಯನ್ನು ಎಳೆದು ಮತ್ತೆ ರಸ್ತೆಗೆ ಹರಡುವಾಗ ಬೀಜವನ್ನೂ ಮುಂದಕ್ಕೆ ಒಯ್ಯುತ್ತದೆ. ಕೆಲಸ ಯಾವಾಗಲೂ ಚೊಕ್ಕ ಜಾಗದಿಂದ ಕಳೆಯಿರುವ ಕಡೆಗೆ ಸಾಗಲಿ. ಉತ್ತರಕ್ಕೆ ಹೊರಡುವ ಮುಂಚೆ ಮೋವರ್ ಡೆಕ್ಕಿನ ಒಳಭಾಗ, ಎಕ್ಸ್‌ಕವೇಟರ್ ಚೈನಿನ ಸಂದು, ಬ್ಲೇಡಿನ ಹಿಂಬದಿ ಮೊದಲು ಕೆರೆದು ಆಮೇಲೆ ಗಾಳಿಯೋ ನೀರೋ ಹೊಡೆಯಿರಿ. ಕೆರೆಯದೆ ನೀರು ಹೊಡೆದರೆ ಮಣ್ಣು ಮೆದುವಾಗುತ್ತದೆ, ಬೀಳುವುದು ಹತ್ತು ಕಿ.ಮೀ. ಮುಂದೆ.

ಜಲ್ಲಿ ಕ್ವಾರಿಯನ್ನು ಲೋಡು ಎತ್ತುವ ಮೊದಲೇ, ಜುಲೈನಲ್ಲಿ, ಹೋಗಿ ನೋಡಬೇಕು. ಒಂದು ಬೇಸಿಗೆ ಹಾಗೇ ಬಿಟ್ಟ ರಾಶಿಯ ಮೇಲೆ ಗಿಡ ಬಂದಿದ್ದರೆ ಮೇಲ್ಪದರ ಬದಿಗೆ ಸರಿಸಿ ಹೊಸದಾಗಿ ಅಗೆದ ಮುಖದಿಂದ ತೆಗೆದುಕೊಳ್ಳಿ.

ಕೊನೆಗೆ ಬಿತ್ತನೆ. ಬರಿ ನೆಲ ಬಿಟ್ಟರೆ ಕಳೆ ಬರುತ್ತದೆ ಎಂಬ ಹೆದರಿಕೆಗೆ ಹುಲ್ಲಿನ ಬೀಜ ಸುರಿಯುವವರೇ ಹೆಚ್ಚು. ಅಲಾಸ್ಕಾದ ಪಾಮರ್ ಊರಿನ ಪ್ಲಾಂಟ್ ಮೆಟೀರಿಯಲ್ಸ್ ಸೆಂಟರ್ ಉತ್ತರಕ್ಕೆ ಹೊಂದುವ ಹುಲ್ಲಿನ ತಳಿಗಳ ಬೀಜ ಬೆಳೆಸುತ್ತದೆ: ಆರ್ಕ್‌ಟರೆಡ್ ಫೆಸ್ಕ್ಯೂ, ನಾರ್ಟ್ರಾನ್ ಹೇರ್‌ಗ್ರಾಸ್ ಮುಂತಾದವು. ಸವೆಯುವ ಇಳಿಜಾರಿಗೆ ಎರಚು ಬಿತ್ತನೆಯಲ್ಲಿ ಹೆಕ್ಟೇರಿಗೆ 45 ಕೆ.ಜಿ. ಆಸುಪಾಸು ಸರಿ. ಸಪಾಟು ಜಾಗಕ್ಕೂ ಅಷ್ಟೇ ಹಾಕಿ ಮೇಲೆ ಗೊಬ್ಬರ ಸುರಿದರೆ ಫೆಸ್ಕ್ಯೂ ಚಾಪೆಯಾಗಿ ಹೆಣೆದುಕೊಂಡು ವಿಲೋ ಬೀಜಕ್ಕೆ ಮಣ್ಣೇ ಸಿಗುವುದಿಲ್ಲ. ಅಲ್ಲಿ ಅರ್ಧ ಸಾಕು. ಬಿತ್ತುವ ಮುಂಚೆ ಬುಲ್ಡೋಜರನ್ನು ಇಳಿಜಾರಿನಲ್ಲಿ ಮೇಲೆ-ಕೆಳಗೆ ಓಡಿಸಿ, ಚೈನಿನ ಪಟ್ಟಿ ಅಡ್ಡಡ್ಡ ಗೆರೆ ಮೂಡಿಸುತ್ತದೆ, ಬೀಜ ಮತ್ತು ನೀರು ಅದರಲ್ಲಿ ನಿಲ್ಲುತ್ತವೆ. ಅಡ್ಡಕ್ಕೆ ಓಡಿಸಿದರೆ ಗೆರೆಗಳು ಉದ್ದಕ್ಕೆ ಬಿದ್ದು ಮಳೆನೀರಿಗೆ ಕಾಲುವೆ ಆಗುತ್ತವೆ. ಒಳನಾಡಿನಲ್ಲಿ ಆಗಸ್ಟ್ ನಡುವೆ ದಾಟಿದ ಮೇಲೆ ಬಿತ್ತಿದರೆ ಮೊಳಕೆ ಬೇರು ಬಿಡುವ ಮೊದಲೇ ನೆಲ ಹೆಪ್ಪುಗಟ್ಟುತ್ತದೆ. ತಡವಾದರೆ ಅಕ್ಟೋಬರ್‌ವರೆಗೆ ಕಾದು, ಮೊಳೆಯಲಾರದಷ್ಟು ಚಳಿ ಬಂದಮೇಲೆ ಎರಚಿಬಿಡಿ. ಹಿಮ ಕರಗಿದಾಗ ಅದೇ ನೀರಿಗೆ ಮೊಳೆಯುತ್ತದೆ. ಹುಲ್ಲಿನ ಮುಚ್ಚಿಗೆ ಬೇಕಿದ್ದರೆ ಕಳೆಬೀಜವಿಲ್ಲವೆಂದು ಪ್ರಮಾಣಪತ್ರವಿರುವ ಬೇಲ್ ಮಾತ್ರ ತರಿಸಿ, ಸಿಗದಿದ್ದರೆ ಮುಚ್ಚದೆ ಬಿಡಿ.