ಬೋಟಿಂಗ್ ಉದ್ಘಾಟನೆಗೆ ದುಡ್ಡಿದೆ, ಆಮೇಲೆ?

ಯಾವುದಾದರೂ ಕೆರೆಗೆ ಬೋಟು ಬಂತು ಅಂದರೆ ಅದರದ್ದೊಂದು ಫೋಟೊ ಇದ್ದೇ ಇರುತ್ತದೆ. ಬಾಳೆಕಂದು ಕಟ್ಟಿದ, ಬೋಟು ಹತ್ತುವ ಜೆಟ್ಟಿ, ಹಂಸದ ಆಕಾರದ ಹೊಸ ಪೆಡಲ್ ಬೋಟು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ನಗುತ್ತಾ ಕೂತ ಸಾಹೇಬರು. ಮೂರು ವರ್ಷ ಆದಮೇಲೆ ಅದೇ ಜಾಗದ ಫೋಟೊವನ್ನು ಯಾರೂ ತೆಗೆಯುವುದಿಲ್ಲ. ದಡಕ್ಕೆ ಎಳೆದು ಬೋರಲು ಹಾಕಿದ ಬೋಟುಗಳು, ಬೀಗ ಬಿದ್ದ ಟಿಕೆಟ್ ಕೌಂಟರ್, "ದುರಸ್ತಿ ಕೆಲಸ ಪ್ರಗತಿಯಲ್ಲಿದೆ" ಅನ್ನುವ ಬೋರ್ಡು. ಆ ಬೋರ್ಡಿನ ಬಣ್ಣವೂ ಹೋಗಿರುತ್ತದೆ.

ಬೆಂಗಳೂರಿನಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ ಬಿಡಿ. ಹಲಸೂರು, ಸ್ಯಾಂಕಿ, ನಾಗವಾರ, ಕಬ್ಬನ್ ಪಾರ್ಕಿನ ಬಾಲಭವನ. ಬೋಟಿಂಗ್ ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವ ಹೆಸರುಗಳು ಇಷ್ಟೇ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದರೆ ಇವತ್ತು ಬೋಟು ಇದೆಯೋ ಇಲ್ಲವೋ ಅಂತ ಮೊದಲು ಗೇಟಿನಲ್ಲಿ ವಿಚಾರಿಸಬೇಕು.

ನನ್ನ ತಕರಾರು ಇಷ್ಟು. ಬೋಟು ಕೊಳ್ಳುವುದಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ, ಬೋಟನ್ನು ನೋಡಿಕೊಳ್ಳುವುದಕ್ಕೆ ಹುಟ್ಟುವುದಿಲ್ಲ. ಒಂದು ಸಲದ ಕಾಮಗಾರಿಗೆ ಟೆಂಡರ್ ಕರೆಯಬಹುದು, ಬಿಲ್ ಮಾಡಬಹುದು, ರಿಬ್ಬನ್ ಕತ್ತರಿಸಬಹುದು. ವರ್ಷಾವರ್ಷ ಹಗ್ಗ ಬದಲಾಯಿಸುವುದಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ ಹೇಳಿ?

ನೋಡಿಕೊಳ್ಳುವುದು ಅಂದರೆ ಏನು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ "ಒಂದು ಪ್ಲಾಸ್ಟಿಕ್ ಬೋಟಿಗೆ ಎಂಥ ಮೆಂಟೆನೆನ್ಸು?" ಅಂತ ಕೇಳುವವರು ತುಂಬಾ ಜನ ಇದ್ದಾರೆ. ಪೆಡಲ್ ಬೋಟು ಸಾಮಾನ್ಯವಾಗಿ ಫೈಬರಿನದ್ದು. ವರ್ಷವಿಡೀ ಬಿಸಿಲಿಗೆ ಒಡ್ಡಿದರೆ ಮೇಲಿನ ಪದರ ಸೀಳುತ್ತದೆ. ಜೆಟ್ಟಿಗೆ ಡಿಕ್ಕಿ ಹೊಡೆದು ಹೊಡೆದು ಅಂಚಿನಲ್ಲಿ ಬಿರುಕು ಬಿಡುತ್ತದೆ, ಅಲ್ಲಿಂದ ಒಳಗೆ ನೀರು ಇಳಿಯುತ್ತದೆ. ಪೆಡಲಿನ ಶಾಫ್ಟು, ಬೇರಿಂಗು, ಚುಕ್ಕಾಣಿ ಎಲ್ಲಕ್ಕೂ ಗ್ರೀಸ್ ಬೇಕು. ಕಬ್ಬಿಣದ ಕಂಬದ ಮೇಲೆ ನಿಂತ ಜೆಟ್ಟಿ ತುಕ್ಕು ಹಿಡಿಯುವುದು ನೀರು ಏರಿ ಇಳಿಯುವ ಮಟ್ಟದಲ್ಲಿ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಚೆನ್ನಾಗಿಯೇ ಕಾಣುತ್ತದೆ. ಇನ್ನು ನಮ್ಮ ಕೆರೆಗಳಲ್ಲಿ ಅಕ್ಟೋಬರಿಗೂ ಮೇ ತಿಂಗಳಿಗೂ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಅಲ್ವಾ. ಕಂಬದ ಜೆಟ್ಟಿ ಕಟ್ಟಿದರೆ ಬೇಸಿಗೆಯಲ್ಲಿ ಬೋಟು ಕೆಳಗೆ, ಜನ ಮೇಲೆ. ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಆ ಎತ್ತರದಿಂದ ಹೇಗೆ ಇಳಿಯಬೇಕು?

ಲೈಫ್ ಜಾಕೆಟ್ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಒದ್ದೆಯಾದದ್ದನ್ನು ರಾಶಿ ಹಾಕುತ್ತಾರೆ, ಇಲ್ಲವೇ ಬಿಸಿಲಿಗೆ ನೇತು ಹಾಕುತ್ತಾರೆ. ಒಳಗಿನ ಫೋಮ್ ಕುಗ್ಗುತ್ತಾ ಹೋಗುತ್ತದೆ, ಬಟ್ಟೆ ಜೀರ್ಣವಾಗುತ್ತದೆ, ಬಕಲ್ ಮುರಿಯುತ್ತದೆ. ನಮ್ಮ ಮನೆಯ ಹತ್ತಿರದ ಕೆರೆಯಲ್ಲಿ ಒಮ್ಮೆ ಮಗಳಿಗೆ ಕೊಟ್ಟ ಜಾಕೆಟ್ಟಿನಲ್ಲಿ ಬಕಲ್ ಇರಲಿಲ್ಲ, ಬದಲಿಗೆ ಗೋಣಿ ಹೊಲಿಯುವ ದಾರದಲ್ಲಿ ಗಂಟು ಹಾಕಿದ್ದರು. "ಇದೇನಣ್ಣ ಹೀಗೆ?" ಅಂದೆ. "ಹೊಸದಕ್ಕೆ ಬರೆದು ಕೊಟ್ಟಿದ್ದೀವಿ ಸಾರ್, ಇನ್ನೂ ಸ್ಯಾಂಕ್ಷನ್ ಆಗಿಲ್ಲ, ನಮ್ಮ ಸಂಬಳಾನೇ ಲೇಟಾಗಿ ಬರೋದು" ಅಂದರು. ಅವರ ಮೇಲೆ ರೇಗಿ ಏನು ಮಾಡಲಿ? ದಾರದಲ್ಲಾದರೂ ಗಂಟು ಹಾಕಿದ್ದರಲ್ಲ ಅನ್ನಿಸಿತು. ನಾವು ಬೋಟು ಹತ್ತದೆ ವಾಪಸ್ ಬಂದೆವು. ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು, ಆ ಮಾತು ಬೇರೆ.

ಇದೆಲ್ಲ ಬೋಟಿನ ಖರ್ಚು. ಇದನ್ನು ಟಿಕೆಟ್ ದುಡ್ಡಿನಲ್ಲಿ ತೂಗಿಸಬಹುದು ಅಂತಲೇ ನನ್ನ ನಂಬಿಕೆ, ಆ ದುಡ್ಡು ಅಲ್ಲೇ ಉಳಿದರೆ. ಆದರೆ ಬೋಟು ನಿಂತಿರುವುದು ನೀರಿನ ಮೇಲೆ. ರಾಜಕಾಲುವೆಯಲ್ಲಿ ಕೊಳಚೆ ಹರಿದು ಬರುತ್ತದೆ, ಹೂಳು ತುಂಬುತ್ತದೆ, ಅಂತರಗಂಗೆ ಹಬ್ಬುತ್ತದೆ. ಕೊಳಚೆಯ ಸಾರ ಸಿಕ್ಕಿದರೆ ಅದು ಎರಡು ವಾರದಲ್ಲಿ ದುಪ್ಪಟ್ಟಾಗುವ ಗಿಡ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬೇಕು. ಆ ವಾಸನೆಯಲ್ಲಿ ಬೋಟು ಎಷ್ಟು ಹೊಸದಾಗಿದ್ದರೆ ಏನು? ಅದೇ ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ದೋಣಿ ಅಭ್ಯಾಸ ಮಾಡುತ್ತಾರೆ. ಅವರ ದೋಣಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅವರೂ ಹುಟ್ಟು ಹಾಕುವುದು ಅದೇ ನೀರಿಗೆ. ಕೊಳಚೆ ತಿರುಗಿಸುವುದು, ಹೂಳೆತ್ತುವುದು, ಕಳೆ ತೆಗೆಯುವುದು, ಇವುಗಳ ಖರ್ಚನ್ನು ಯಾವ ಟಿಕೆಟ್ಟೂ ತೂಗಿಸುವುದಿಲ್ಲ. ತೂಗಿಸಬೇಕು ಅಂತ ಹೊರಟರೆ ಟಿಕೆಟ್ ಬೆಲೆ ಎಲ್ಲಿಗೋ ಹೋಗುತ್ತದೆ, ಕೆರೆ ಶ್ರೀಮಂತರ ಕೊಳವಾಗುತ್ತದೆ.

ಹಾಗೆ ಆಗಿಯೂ ನೋಡಿದ್ದೇವೆ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದರ ಕೈಯಲ್ಲಿ ದುಡ್ಡು ಕಡಿಮೆ, ಕೆರೆ ಜಾಸ್ತಿ. ಹಾಗಾಗಿ ಆ ದಶಕದ ನಡುವೆ ಹೆಬ್ಬಾಳ, ನಾಗವಾರ, ಅಗರ ಮುಂತಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಡುವ ದಾರಿ ಹಿಡಿದರು. ನೀವು ಕೆರೆ ನೋಡಿಕೊಳ್ಳಿ, ಬೋಟಿಂಗು, ಹೋಟೆಲು, ಆಟದ ಜಾಗ ಮಾಡಿ ದುಡಿದುಕೊಳ್ಳಿ ಅನ್ನುವ ಲೆಕ್ಕ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಸುಮ್ನೆ ಯೋಚಿಸಿ ನೋಡಿ, ಲಾಭ ಬರುವುದು ಬೇಲಿ ಹಾಕಿದ ಮೇಲೆ, ಗೇಟಿನಲ್ಲಿ ದುಡ್ಡು ವಸೂಲಿ ಮಾಡಿದ ಮೇಲೆ. ದನ ತೊಳೆಯುವವರು, ಮೀನು ಹಿಡಿಯುವವರು, ಬೆಳಗ್ಗೆ ನಡೆಯಲು ಬರುವವರು, ಹಕ್ಕಿಗಳು, ಯಾರೂ ಗಿರಾಕಿಗಳಲ್ಲ. 2008ರಲ್ಲಿ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಅನ್ನುವ ಸಂಸ್ಥೆ ಈ ಗುತ್ತಿಗೆಯ ವಿರುದ್ಧ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ಕೆರೆಗಳ ರಕ್ಷಣೆ ಬಗ್ಗೆ ವರದಿ ಕೊಟ್ಟಿತು, 2012ರಲ್ಲಿ ತೀರ್ಪು ಬಂತು. ಕೆರೆಯನ್ನು ಗುತ್ತಿಗೆಗೆ ಕೊಡುವ ಉತ್ಸಾಹ ಅಲ್ಲಿಗೆ ತಣ್ಣಗಾಯಿತು. ಒಳ್ಳೆಯದೇ ಆಯಿತು. ಆದರೆ ಗುತ್ತಿಗೆ ಬೇಡ ಅಂದಮೇಲೆ ಆ ಖರ್ಚನ್ನು ಯಾರು ಕೊಡಬೇಕು ಅನ್ನುವ ಪ್ರಶ್ನೆಯನ್ನು ಮಾತ್ರ ನಾವು ಹಾಗೇ ಬಿಟ್ಟುಬಿಟ್ಟೆವು.

ನನ್ನ ಗೆಳೆಯನೊಬ್ಬನಿದ್ದಾನೆ, ಇಂಥ ವಿಷಯ ಬಂದರೆ ಅವನದ್ದು ಒಂದೇ ಮಾತು. "ರಸ್ತೆ ಗುಂಡಿ ಮುಚ್ಚೋಕೆ ದುಡ್ಡಿಲ್ಲ ಕಣೋ, ನಿನ್ನ ಬೋಟಿಗೆ ನಾನ್ಯಾಕೆ ತೆರಿಗೆ ಕಟ್ಟಲಿ?" ಅರ್ಧ ನ್ಯಾಯ ಇದೆ. ಬೋಟಿಗೆ ಅವನು ಕಟ್ಟಬೇಕಾಗಿಲ್ಲ. ಆದರೆ ಅವನು ದಿನಾ ಬೆಳಗ್ಗೆ ಏರಿಯ ಮೇಲೆ ವಾಕಿಂಗ್ ಹೋಗುತ್ತಾನಲ್ಲ, ಕೆರೆ ನೋಡುವ ಬಾಲ್ಕನಿ ಇದೆ ಅಂತ ಜಾಸ್ತಿ ಬಾಡಿಗೆ ತಗೊಳ್ಳುತ್ತಾನಲ್ಲ, ಮಳೆಗಾಲದಲ್ಲಿ ಅವನ ಬೀದಿಗೆ ನುಗ್ಗಬೇಕಾದ ನೀರನ್ನು ಆ ಕೆರೆ ಹಿಡಿದಿಟ್ಟುಕೊಳ್ಳುತ್ತದಲ್ಲ, ಅದಕ್ಕೆ?

ಇದೇ ಜಗಳ ಇಂಗ್ಲೆಂಡಿನಲ್ಲೂ ನಡೆಯುತ್ತಿದೆ. ಅಲ್ಲಿ ಹಳೆಯ ಕಾಲುವೆಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತಿದೆ, ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 2,000 ಮೈಲಿ. ದೋಣಿ ಇಟ್ಟವರು ಲೈಸೆನ್ಸ್ ದುಡ್ಡು ಕಟ್ಟುತ್ತಾರೆ. ಕಾಲುವೆ ಪಕ್ಕದ ದಾರಿಯಲ್ಲಿ ನಡೆಯುವವರು, ಸೈಕಲ್ ಹೊಡೆಯುವವರು ದೋಣಿಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅವರಿಗೆ ಶುಲ್ಕವಿಲ್ಲ. ಆ ಪಾಲನ್ನು ಸರ್ಕಾರ ಅನುದಾನವಾಗಿ ಕೊಡುತ್ತಿತ್ತು. 2027ರ ನಂತರ ಅದನ್ನು ವರ್ಷವರ್ಷ ಕಡಿಮೆ ಮಾಡುತ್ತಾ ಹೋಗುತ್ತೇವೆ ಅಂತ 2023ರಲ್ಲಿ ಹೇಳಿದರು. ಇನ್ನು ಶುರುವಾಯಿತು ನೋಡಿ, ಏರಿ ಒಡೆದರೆ, ತೂಬು ಕೆಟ್ಟರೆ ಯಾರು ಕೊಡಬೇಕು ಅಂತ. ದೋಣಿಯವರ ಲೈಸೆನ್ಸನ್ನೇ ಹಿಂಡಿದರೆ ಎಷ್ಟು ಅಂತ ಬಂದೀತು?

ಅಮೆರಿಕದವರು ಬೇರೆ ದಾರಿ ಹಿಡಿದಿದ್ದಾರೆ, ಅದು ನನಗೆ ಇಷ್ಟವಾಯಿತು. 1950ರಲ್ಲೇ ಡಿಂಗೆಲ್-ಜಾನ್ಸನ್ ಕಾಯ್ದೆ ಬಂತು. ಗಾಳ, ಮೀನು ಹಿಡಿಯುವ ಕೋಲು, ರೀಲು ಇವುಗಳ ಮೇಲಿನ ತೆರಿಗೆಯನ್ನು ಮೀನಿನ ಸಂರಕ್ಷಣೆಗೇ ಅಂತ ಬೇರೆ ಎತ್ತಿಟ್ಟರು. 1984ರಲ್ಲಿ ಅದಕ್ಕೆ ವಾಲಪ್-ಬ್ರೋ ತಿದ್ದುಪಡಿ ಸೇರಿತು. ಮೋಟಾರ್ ಬೋಟಿಗೆ ಹಾಕುವ ಇಂಧನದ ಮೇಲಿನ ತೆರಿಗೆಯೂ ಅದೇ ನಿಧಿಗೆ ಬರಲು ಶುರುವಾಯಿತು. ರಾಜ್ಯಗಳು ತಮಗೆ ಬಂದ ಪಾಲಿನಲ್ಲಿ ಕನಿಷ್ಠ ಶೇಕಡಾ 15ರಷ್ಟನ್ನು ಬೋಟು ನೀರಿಗೆ ಇಳಿಸುವ ಜಾಗ, ಜೆಟ್ಟಿ, ಪಾರ್ಕಿಂಗ್ ಇಂಥದ್ದಕ್ಕೇ ಖರ್ಚು ಮಾಡಬೇಕು. ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು. 1992ರಲ್ಲಿ ಇನ್ನೊಂದು ಕಾಯ್ದೆ ತಂದು, ಬೋಟಿನ ಟಾಯ್ಲೆಟ್ಟಿನ ಕೊಳೆಯನ್ನು ನೀರಿಗೆ ಸುರಿಯದೆ ದಡದಲ್ಲಿ ಪಂಪ್ ಮಾಡಿ ತೆಗೆಯುವ ವ್ಯವಸ್ಥೆಗೂ ಇದೇ ನಿಧಿಯಿಂದ ಅನುದಾನ ಕೊಟ್ಟರು. ಅಲ್ಲೂ ತಕರಾರು ಇಲ್ಲ ಅಂತಲ್ಲ. ಕಯಾಕ್ ತುಳಿಯುವವನು, ಅಲ್ಲ, ಹುಟ್ಟು ಹಾಕುವವನು ಪೆಟ್ರೋಲ್ ಕೊಳ್ಳುವುದಿಲ್ಲ, ಹಾಗಾಗಿ ತೆರಿಗೆಯೂ ಕಟ್ಟುವುದಿಲ್ಲ, ಜೆಟ್ಟಿ ಮಾತ್ರ ಬಳಸುತ್ತಾನೆ ಅಂತ ಮೋಟಾರಿನವರ ಗೊಣಗಾಟ. ಅದು ಇರಲಿ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಅಂತ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ ನೋಡಿ, ಅದು ಮುಖ್ಯ.

ಅದಕ್ಕೆ ಅಮೆರಿಕವೇ ಬೇಕಾ ಅಂತ ಕೇಳಿದರೆ, ಬೇಡ. ನಮ್ಮ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಅಂತ ಬರುತ್ತದೆ. ಕೆರೆ ಕಟ್ಟಿಸಿದವರು, ಅದನ್ನು ನೋಡಿಕೊಳ್ಳುವುದಕ್ಕೂ ಅಂತ ಜಮೀನು ಬಿಡುತ್ತಿದ್ದರು. ಆ ಜಮೀನಿನ ಆದಾಯ ಕೆರೆಗೆ. ತೂಬು ಎತ್ತಿ ಇಳಿಸುವ ನೀರಗಂಟಿಗೆ ಊರಿನವರು ಧಾನ್ಯ ಕೊಡುತ್ತಿದ್ದರು. ಕೆರೆ ಕಟ್ಟುವ ದಿನವೇ ಅದರ ಮುಂದಿನ ಖರ್ಚಿನ ಲೆಕ್ಕವೂ ಆಗಿರುತ್ತಿತ್ತು. ನಾವು ಇವತ್ತು ಕೋಟಿಗಟ್ಟಲೆ ಸುರಿದು ಗ್ರಾನೈಟ್ ಹಾಸಿ, ಕಾರಂಜಿ ಹಾಕಿ, ಬೋಟು ತಂದು ಬಿಟ್ಟು, ಆಮೇಲೆ ವಾಚ್‌ಮನ್ ಸಂಬಳಕ್ಕೆ ಫೈಲು ತಿರುಗಿಸುತ್ತೇವೆ.

ನಿರ್ವಹಣೆ ತಪ್ಪಿದರೆ ಬರೀ ಒಂದು ಭಾನುವಾರದ ಮಜಾ ಹೋಗುವುದಲ್ಲ. 2009ರ ಸೆಪ್ಟೆಂಬರಿನಲ್ಲಿ ತೇಕಡಿಯಲ್ಲಿ ಮುಳುಗಿದ್ದು ಕೇರಳ ಸರ್ಕಾರದ ಪ್ರವಾಸೋದ್ಯಮ ನಿಗಮದ್ದೇ ಬೋಟು, 45 ಜನ ಸತ್ತರು. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲೆಯಿಂದ ಪಿಕ್ನಿಕ್ ಬಂದ 12 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಅಲ್ಲಿ ನಡೆಸುತ್ತಿದ್ದದ್ದು ಪಾಲಿಕೆಯಿಂದ ಗುತ್ತಿಗೆ ಪಡೆದ ಖಾಸಗಿಯವರು. ಮಿತಿ ಮೀರಿ ಹತ್ತಿಸಿದ್ದರು, ಎಷ್ಟೋ ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ. ಸರ್ಕಾರದವರಾದರೆ ಸುರಕ್ಷಿತ, ಖಾಸಗಿಯವರಾದರೆ ಚುರುಕು ಅನ್ನುವ ಎರಡೂ ನಂಬಿಕೆ ನನಗೆ ಉಳಿದಿಲ್ಲ. ಪರಿಶೀಲನೆ ಮಾಡುವವನು ಬೋಟು ನಡೆಸುವವನಾಗಿರಬಾರದು, ಅವನ ಸಂಬಳ ಟಿಕೆಟ್ ಮಾರಾಟದ ಮೇಲೆ ನಿಂತಿರಬಾರದು. ಅದಕ್ಕೂ ಸಾರ್ವಜನಿಕ ದುಡ್ಡೇ ಬೇಕು, ಬೇರೆ ಯಾರ ದುಡ್ಡಾದರೂ ಅವನ ಬಾಯಿ ಕಟ್ಟುತ್ತದೆ.

ಹಾಗಾದರೆ ನಾನು ಕೇಳುವುದು ಏನು? ಕೆರೆ ಒಬ್ಬರದ್ದು, ಬೋಟು ಇನ್ನೊಬ್ಬರದ್ದು, ಕೊಳಚೆ ಮಗದೊಬ್ಬರದ್ದು ಅನ್ನುವ ಸ್ಥಿತಿಯಲ್ಲಿ ಟಿಕೆಟ್ ದುಡ್ಡು ಒಂದು ಕಡೆ, ಖರ್ಚು ಇನ್ನೊಂದು ಕಡೆ ಆಗುತ್ತದೆ. ಪ್ರವಾಸೋದ್ಯಮದವರು ನೀರು ಗಬ್ಬು ಅಂತ ಪಾಲಿಕೆಯ ಕಡೆ, ಪಾಲಿಕೆಯವರು ಕೊಳಚೆ ಜಲಮಂಡಳಿಯದ್ದು ಅಂತ ಆ ಕಡೆ ಬೆರಳು ತೋರಿಸಬಹುದು, ಇಬ್ಬರದ್ದೂ ಸುಳ್ಳಲ್ಲ. ಒಂದು ಕೆರೆಗೆ ಒಂದು ಖಾತೆ ಮಾಡಿ. ಟಿಕೆಟ್ಟು, ಪಾರ್ಕಿಂಗು, ಕಾಫಿ ಅಂಗಡಿಯ ಬಾಡಿಗೆ ಎಲ್ಲ ಅಲ್ಲಿಗೇ ಬೀಳಲಿ, ಬೋಟು, ಜೆಟ್ಟಿ, ಲೈಫ್‌ಗಾರ್ಡ್ ಸಂಬಳ ಅದರಿಂದ ಹೋಗಲಿ. ನೀರಿನ ಕೆಲಸಕ್ಕೆ ಪಾಲಿಕೆ ಬಜೆಟ್ಟಿನಲ್ಲಿ ಕೆರೆಯ ಹೆಸರು ಹಾಕಿ ವರ್ಷಾವರ್ಷ ಇಷ್ಟು ಅಂತ ಬರೆಯಲಿ. "ಕೆರೆಗಳ ಅಭಿವೃದ್ಧಿ" ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದರೆ ಅದು ಎಲ್ಲಿಗೆ ಹೋಯಿತು ಅಂತ ಹುಡುಕಲು ಆರ್‌ಟಿಐ ಹಾಕುತ್ತಾ ಕೂರಬೇಕಾಗುತ್ತದೆ. ಮತ್ತೆ, ಬೋಟು ಕೊಳ್ಳುವ ಟೆಂಡರಿನಲ್ಲೇ ಮುಂದಿನ ಐದು ವರ್ಷದ ದುರಸ್ತಿಯೂ ಸೇರಿರಲಿ. ಆ ದುಡ್ಡು ಇಲ್ಲ ಅಂದರೆ ಬೋಟು ಬೇಡ, ಖಾಲಿ ನೀರೇ ಚೆನ್ನ.

ಈಗ ಕೇಳುವುದಕ್ಕೆ ಒಳ್ಳೆಯ ಸಮಯ ಅಂತಲೂ ಅನ್ನಿಸುತ್ತದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ನಗರ ಪಾಲಿಕೆಗಳಾದವು. ಕೆರೆಗಳ ಫೈಲುಗಳು ಮತ್ತೊಮ್ಮೆ ಟೇಬಲ್ ಬದಲಾಯಿಸುತ್ತಿವೆ. ಹೊಸ ಪಾಲಿಕೆಗಳ ಬಜೆಟ್ ತಲೆಬರಹಗಳು ಇನ್ನೂ ಗಟ್ಟಿಯಾಗಿಲ್ಲ, ಈಗ ಒಂದು ಸಾಲು ಸೇರಿಸುವುದು ಆಮೇಲೆ ಸೇರಿಸುವುದಕ್ಕಿಂತ ಸುಲಭ.

ಒಂದು ಮಾತು ಹೇಳದಿದ್ದರೆ ಹಕ್ಕಿ ನೋಡುವ ಗೆಳೆಯರು ನನ್ನನ್ನು ಬಿಡುವುದಿಲ್ಲ. ಎಲ್ಲ ಕೆರೆಗೂ ಬೋಟು ಬೇಕು ಅಂತ ನಾನು ಹೇಳುತ್ತಿಲ್ಲ. ಪೆಡಲ್ಲು, ಹುಟ್ಟು ಸಾಕು, ವಾಟರ್ ಸ್ಕೂಟರ್ ಥರದ್ದು ನಮ್ಮ ಕೆರೆಗಳಿಗೆ ಖಂಡಿತ ಬೇಡ. ಅಲೆಗೆ ದಂಡೆಯ ಜೊಂಡಿನಲ್ಲಿರುವ ಗೂಡು ಅಲ್ಲಾಡುತ್ತದೆ, ಎಣ್ಣೆ ನೀರಿಗೆ ಇಳಿಯುತ್ತದೆ, ಆ ಸದ್ದಿಗಂತೂ ಏರಿಯ ಮೇಲೆ ಕೂತವರೂ ಎದ್ದು ಹೋಗಬೇಕು. ಹೆಬ್ಬಾಳದಂಥ ಹಕ್ಕಿಗಳ ಕೆರೆಗೆ ಯಾರಾದರೂ ಅಂಥ ಪ್ರಸ್ತಾವ ತಂದರೆ ನಾನೂ ಆಕ್ಷೇಪಣೆ ಅರ್ಜಿಗೆ ಸಹಿ ಹಾಕುತ್ತೇನೆ.