ಅರಸೀಕೆರೇಲಿ ಸಿಗೋಣ್ವಾ

ಹನ್ನೊಂದು ವರ್ಷದಿಂದ ನನಗೆ ಅರಸೀಕೆರೆ ಅಂದ್ರೆ ಒಂದು ಫೋನ್ ಕಾಲ್, ಅಷ್ಟೇ. ಬೆಂಗಳೂರಿಂದ ದಾವಣಗೆರೆಗೆ ಹೋಗುವಾಗೆಲ್ಲ ಟ್ರೇನ್ ಅಲ್ಲಿ ನಿಂತ ತಕ್ಷಣ ಅಮ್ಮಂಗೆ ಫೋನ್ ಮಾಡಿ "ಅರಸೀಕೆರೆ ಬಂತು" ಅನ್ನೋದು, ಅವಳು ಅಲ್ಲಿಂದ ಟೈಮ್ ಲೆಕ್ಕ ಹಾಕ್ಕೊಂಡು ಅನ್ನಕ್ಕಿಡೋದು. ಪ್ಲಾಟ್‌ಫಾರಂ ಮೇಲೆ ವಡೆ ಮಾರೋರ ಕೂಗು ನಿದ್ದೇಲೂ ಗುರುತು ಸಿಗುತ್ತೆ, ಆದ್ರೆ ಸ್ಟೇಷನ್ನಿಂದ ಆಚೆ ಏನಿದೆ ಅಂತ ಒಂದು ದಿನಾನೂ ನೋಡಿರ್ಲಿಲ್ಲ.

ಹೋದ ವರ್ಷ ಜುಲೈಲಿ ಆಫೀಸ್ ಗ್ಯಾಂಗ್ ಜೊತೆ ಚಿಕ್ಕಮಗಳೂರು ಕಡೆ ಹೋಗಿದ್ವಿ. ಮುಳ್ಳಯ್ಯನಗಿರಿ ರೋಡಲ್ಲಿ ಮೂರು ಗಂಟೆ ಮುಂದಿನ ಕಾರಿನ ಹಿಂದುಗಡೆ ಗ್ಲಾಸ್ ನೋಡ್ಕೊಂಡು ಕೂತಿದ್ವಿ, ಅದರ ಮೇಲೆ ಅವರ ಮಕ್ಕಳಿಬ್ರ ಹೆಸರು ದೊಡ್ಡದಾಗಿ ಬರ್ಸಿದ್ರು, ಈಗ್ಲೂ ಆ ಎರಡು ಹೆಸರು ನನಗೆ ಬಾಯಿಪಾಠ. ಮೇಲೆ ಹೋದ್ರೆ ಬರೀ ಮಂಜು, ಮಂಜಲ್ಲಿ ಜನ, ಜನರ ಕೈಲಿ ಮ್ಯಾಗಿ ಪ್ಲೇಟು. ಹೋಮ್‌ಸ್ಟೇ ಫೋಟೋದಲ್ಲಿ ತೋರ್ಸಿದ್ದ ಹೊಳೆ ರೂಮಿನ ಹಿಂದೆ ಇರ್ಲಿಲ್ಲ, ನಾಲ್ಕು ಕಿಲೋಮೀಟರ್ ಆಚೆ ಇತ್ತು. ಭಾನುವಾರ ರಾತ್ರಿ ಒಂದೂವರೆಗೆ ಮನೆ ಸೇರಿದ್ದು, ಸೋಮವಾರ ಒಂಬತ್ತೂವರೆಗೆ ಮೀಟಿಂಗು. ಇದನ್ನೆಲ್ಲ ಅಮ್ಮಂಗೆ ಹೇಳಿಕೊಂಡು ಗೋಳಾಡಿದ್ರೆ ಅವಳು ಸುಮ್ಮನೆ ಕೇಳಿಸಿಕೊಂಡು, "ಅಷ್ಟು ದೂರ ಹೋಗಿ ಬರೋಕಾಗುತ್ತೆ, ಇಲ್ಲಿಗೆ ಬರೋಕೆ ಮಾತ್ರ ಪುರುಸೊತ್ತಿಲ್ಲ ನಿಂಗೆ" ಅಂದ್ಲು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ.

ಅವತ್ತು ರಾತ್ರಿ ಸುಮ್ನೆ ರೈಲ್ವೆ ಆ್ಯಪ್ ತೆಗೆದು ಕೂತಿದ್ದಾಗ ಕಣ್ಣಿಗೆ ಬಿದ್ದಿದ್ದು ಇದು: ಬೆಂಗಳೂರಿಂದ ಅರಸೀಕೆರೆಗೆ ರೈಲಲ್ಲಿ ಸುಮಾರು 165 ಕಿಲೋಮೀಟರ್, ಅಲ್ಲಿಂದ ದಾವಣಗೆರೆಗೂ ಹೆಚ್ಚುಕಮ್ಮಿ ಅಷ್ಟೇ. ಸರಿಯಾಗಿ ಮಧ್ಯ. ಊರಿಗೆ ಹೋದ್ರೆ ಎರಡು ದಿನ ನೆಂಟರ ಮನೆ ಸುತ್ತೋದ್ರಲ್ಲೇ ಮುಗಿಯುತ್ತೆ, ಅಮ್ಮ ಬೆಂಗಳೂರಿಗೆ ಬಂದ್ರೆ ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ತೊಳೆದಿಟ್ಟು ಹೋಗ್ತಾಳೆ, ಇಬ್ರೂ ಕೆಲಸ ಇಲ್ಲದೆ ಒಂದು ಕಡೆ ಕೂತು ಎಷ್ಟು ವರ್ಷ ಆಯ್ತೋ.

"ಅಮ್ಮ, ಅರಸೀಕೆರೇಲಿ ಸಿಗೋಣ್ವಾ?"

"ಅಲ್ಲೇನೈತೆ, ವಡೆ ಬಿಟ್ರೆ?"

ಅವಳ ಪ್ರಶ್ನೇಲಿ ತಪ್ಪೇನಿಲ್ಲ, ನನಗೂ ಗೊತ್ತಿರ್ಲಿಲ್ಲ. ಸ್ವಲ್ಪ ಓದಿದ ಮೇಲೆ ಗೊತ್ತಾಯ್ತು, ಬೇಲೂರು ಹಳೇಬೀಡಿಗೆ ಅಂತ ಬಸ್‌ಗಟ್ಟಲೆ ಜನ ಹೋಗ್ತಾರಲ್ಲ, ಅದೇ ಹೊಯ್ಸಳರ ಕೆಲಸ ಈ ಕಡೇನೂ ಊರೂರಲ್ಲಿದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದ ಮೇಲಂತೂ ಅಲ್ಲಿ ರಜಾ ದಿನ ಕಾಲಿಡೋಕೆ ಜಾಗ ಇರಲ್ಲ, ಇಲ್ಲಿ ನಾವಿಬ್ರೇ.

ಡಿಸೆಂಬರ್ ಎರಡನೇ ಶನಿವಾರ, ಬೆಳಗಿನ ಜನಶತಾಬ್ದಿ. ಎರಡೂ ಕಾಲು ಗಂಟೇಲಿ ಅರಸೀಕೆರೆ. ಅಮ್ಮನ ಟ್ರೇನ್ ಬರೋಕೆ ಇನ್ನೂ ಟೈಮ್ ಇತ್ತು, ನಾನು ಪ್ಲಾಟ್‌ಫಾರಂ ಬೆಂಚಲ್ಲಿ ಕೂತು ಕಾದೆ, ಯಾವಾಗ್ಲೂ ಅವಳು ನನಗೆ ಕಾಯೋದು, ಇದೊಂದು ಥರ ಹೊಸದು. ಇಳಿದವಳ ಕೈಲಿ ಮೂರು ಬ್ಯಾಗು. ಎರಡು ದಿನಕ್ಕೆ! ಒಂದರಲ್ಲಿ ಪೂರ್ತಿ ಮಂಡಕ್ಕಿ, ಒಗ್ಗರಣೆ ಹಾಕಿದ್ದು ಬೇರೆ, ಹಾಕದೇ ಇರೋದು ಬೇರೆ. "ಹೊಸ ಊರು, ಊಟ ಹೆಂಗಿರುತ್ತೋ" ಅಂತೆ. ಹನ್ನೊಂದು ವರ್ಷದಿಂದ ಅನ್ನಕ್ಕಿಡೋ ಅಲಾರಂ ಆಗಿದ್ದ ಊರು ಈಗ ಹೊಸ ಊರು.

ಊರೊಳಗಿನ ಶಿವಾಲಯಕ್ಕೆ ಮೊದಲು ಹೋದ್ವಿ. 1220ರ ಸುಮಾರಿಗೆ ಕಟ್ಟಿದ್ದು, ದೊಡ್ಡದೇನಲ್ಲ. ಆದ್ರೆ ಮುಂದುಗಡೆ ಮಂಟಪ ಇದೆಯಲ್ಲ, ಅದು ಚೌಕ ಅಲ್ಲ, 16 ಮೂಲೆಯ ನಕ್ಷತ್ರದ ಲೆಕ್ಕದಲ್ಲಿ ಎಳೆದಿರೋದು, ಸುತ್ತ ಗೋಡೆ ಇಲ್ದೆ ತೆರೆದಿದೆ, ಒಳಗೆ ನಿಂತ್ರೆ ಯಾವ ಕಡೆಯಿಂದಾದ್ರೂ ಬೆಳಕು ಬರುತ್ತೆ. ಅಮ್ಮ ನಂಬಲಿಲ್ಲ, ಸೆರಗು ಸಿಕ್ಕಿಸಿಕೊಂಡು ಹೊರಗಿಂದ ಎಣಿಸ್ತಾ ಒಂದು ಸುತ್ತು ಬಂದ್ಲು, ಆಮೇಲೆ ಇನ್ನೊಂದು ಸುತ್ತು, ಎರಡು ಸಲಾನೂ ಬೇರೆ ಬೇರೆ ಲೆಕ್ಕ. "ಕಲ್ಲು ಕೆತ್ತಿದವ್ನಿಗೆ ಎಣಿಸೋಕೆ ಬರ್ತಿತ್ತೋ ಇಲ್ವೋ" ಅಂತ ಅವನ ಮೇಲೇ ಹಾಕಿದ್ಲು. ಒಳಗಿನ ಕಂಬಗಳು ಕನ್ನಡಿ ಥರ ನುಣುಪು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತಂತೆ, ಅದಕ್ಕೇ ಅಷ್ಟು ಸಣ್ಣ ಕೆಲಸ ಮಾಡೋಕಾಗೋದು.

ಮಧ್ಯಾಹ್ನ ಹಾಸನ ಬಸ್ ಹತ್ತಿ ಹಾರನಹಳ್ಳಿಗೆ. ಎಂಟೇ ಕಿಲೋಮೀಟರ್. ಇಬ್ರೂ ಆಧಾರ್ ತೋರ್ಸಿ ಝೀರೋ ಟಿಕೆಟ್ ತಗೊಂಡ್ವಿ. ಹಾರನಹಳ್ಳಿ ಅಂದ್ರೆ ಎಲ್ರಿಗೂ ಕೋಡಿಮಠ ಗೊತ್ತು, ಯುಗಾದಿ ಬಂದ್ರೆ ಟೀವಿಯಲ್ಲಿ ಆ ಮಠದ ಭವಿಷ್ಯ ಬರುತ್ತಲ್ಲ, ಅಮ್ಮ ಒಂದೂ ಬಿಡದೆ ನೋಡ್ತಾಳೆ. ಅದೇ ಊರಲ್ಲಿ 1235ರ ಹೊತ್ತಿಗೆ ಪೆದ್ದಣ್ಣ ಹೆಗ್ಗಡೆ ಮತ್ತು ಅವನ ತಮ್ಮಂದಿರು ಸೋವಣ್ಣ, ಕೇಸಣ್ಣ ಸೇರಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ ಇದೆ, ಸ್ವಲ್ಪ ದೂರದಲ್ಲೇ ಸೋಮೇಶ್ವರ. ಮೂರು ಜನ ಅಣ್ಣತಮ್ಮಂದಿರು ಒಂದೇ ಕೆಲಸಕ್ಕೆ ದುಡ್ಡು ಹಾಕಿ ಜಗಳ ಆಡದೆ ಮುಗಿಸಿದ್ರು ಅನ್ನೋದು ಅಮ್ಮಂಗೆ ಶಿಲ್ಪಕ್ಕಿಂತ ದೊಡ್ಡ ಆಶ್ಚರ್ಯ, ನಮ್ಮ ಮನೆ ಸೈಟಿನ ಕಥೆ ಗೊತ್ತಿದ್ದೋರಿಗೆ ಅರ್ಥ ಆಗುತ್ತೆ. ಹೊರಗೋಡೆ ಬುಡದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ ಸಾಲು. ಬೇಲೂರಲ್ಲಾಗಿದ್ರೆ ಗೈಡ್ ಕಡ್ಡಿಯಲ್ಲಿ ತೋರಿಸಿ ಮುಂದಕ್ಕೆ ತಳ್ಳಿರೋನು, ಇಲ್ಲಿ ಅಮ್ಮ ಜಗಲಿ ಮೇಲೆ ಕಾಲು ನೀಡಿ ಕೂತು ಒಂದೊಂದೇ ಆನೆ ನೋಡಿ ಮುಗಿಸಿದ್ಲು. ನಾನು ಮಂಡಕ್ಕಿ ಮುಗಿಸಿದೆ. ಆವರಣದ ಒಳಗಲ್ಲ ಮಾರಾಯ್ರೆ, ಹೊರಗೆ ಬಂದು.

ಭಾನುವಾರ ಆಟೋ ಮಾಡ್ಕೊಂಡು ತಿಪಟೂರು ತಾಲೂಕಿನ ಅರಳಗುಪ್ಪೆಗೆ ಹೋದ್ವಿ. ದಾರಿ ಉದ್ದಕ್ಕೂ ತೆಂಗು, ತೆಂಗು, ತೆಂಗು. ಆಟೋದವರು ಮಧ್ಯೆ ಒಂದು ಕಡೆ ನಿಲ್ಸಿ "ಐದು ನಿಮಿಷ ಅಕ್ಕ, ಮಾವನ ಮನೆ" ಅಂದ್ರು. ಐದು ನಿಮಿಷ ಮುಕ್ಕಾಲು ಗಂಟೆ ಆಯ್ತು, ಇಡೀ ಟ್ರಿಪ್‌ನಲ್ಲಿ ನನಗೆ ಜಾಸ್ತಿ ನೆನಪಿರೋದು ಅದೇ. ಅವರ ಮಾವ ನಮ್ಮನ್ನ ಏಣಿ ಹತ್ತಿಸಿ ಅಟ್ಟ ತೋರ್ಸಿದ್ರು. ಕತ್ತಲೆ, ಬಿಸಿ ಬಿಸಿ ಒಣ ವಾಸನೆ, ಕಣ್ಣು ಹೊಂದಿಕೊಂಡ ಮೇಲೆ ನೋಡಿದ್ರೆ ಸಿಪ್ಪೆ ಸಮೇತ ತೆಂಗಿನಕಾಯಿ ಗುಡ್ಡೆ ಹಾಕಿದ್ದಾರೆ. ಉಂಡೆ ಕೊಬ್ಬರಿ ಆಗೋದು ಹೀಗಂತೆ: ಬಲಿತ ಕಾಯಿ ತಂದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟುಬಿಡೋದು, ಒಳಗಿನ ನೀರು ನಿಧಾನಕ್ಕೆ ಆರಿ, ಕಾಯಿ ಒಣಗಿ ಚಿಪ್ಪಿಂದ ತಾನೇ ಬಿಟ್ಕೊಂಡು ಒಳಗೇ ಉಂಡೆಯಾಗಿ ನಿಲ್ಲುತ್ತೆ. ಅವರು ಒಂದು ಕಾಯಿ ಎತ್ತಿ ನನ್ನ ಕಿವಿ ಹತ್ರ ಅಲ್ಲಾಡಿಸಿದ್ರು, ಗಳಕ್ ಗಳಕ್. "ಇದು ಇನ್ನೂ ನೀರು." ಇನ್ನೊಂದು ಎತ್ತಿದ್ರು, ಗಡಗಡ ಅಂತು, ಗಿಲಕಿ ಥರ. "ಇದು ರೆಡಿ." ಆಮೇಲೆ ಅಮ್ಮಂಗೆ ಪರೀಕ್ಷೆ, ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ್ಲು, ನಾನು ಎರಡು ತಪ್ಪು. ಐವತ್ತು ವರ್ಷ ಅಡುಗೆಗೆ ಕೊಬ್ಬರಿ ತುರಿದಿದೀನಿ, ಅದು ಹೀಗೆ ಒಂದು ವರ್ಷ ಕತ್ತಲೇಲಿ ಕೂತಿರುತ್ತೆ ಅಂತ ಗೊತ್ತೇ ಇರ್ಲಿಲ್ಲ ಅಂತ ಏಣಿ ಇಳಿಯೋವರೆಗೂ ಹೇಳ್ತಾನೇ ಇದ್ಲು.

ಅರಳಗುಪ್ಪೇಲಿ ಕಲ್ಲೇಶ್ವರ ಗುಡಿಗೆ ಬೀಗ. ಪಕ್ಕದ ಮನೆ ಹುಡುಗಿ ಒಂದು "ನಮ್ಮಜ್ಜಿ ಹತ್ರ ಇದೆ" ಅಂತ ಓಡಿಹೋಗಿ ಬೀಗದ ಕೈ ತಂತು, ತಾನೇ ತೆಗೀತು, ತಾನೇ ಗೈಡ್ ಆಯ್ತು, "ಮಲ್ಕೊಂಡು ನೋಡಿ, ಕತ್ತು ನೋಯಲ್ಲ" ಅಂತು. ಮಲ್ಕೊಂಡ್ವಿ, ಇಬ್ರೂ. ಇದು ಹೊಯ್ಸಳರಿಗಿಂತ ಹಳೇದು, ನೊಳಂಬರ ಕಾಲದ್ದು. ಛಾವಣಿ ಮಧ್ಯ ಕುಣೀತಿರೋ ಶಿವ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ತಣ್ಣಗಿನ ಕಲ್ಲು ಬೆನ್ನಿಗೆ, ಅಟ್ಟದ ಸೆಕೆ ಎಲ್ಲ ಇಳೀತು. ಪಕ್ಕದಲ್ಲಿ ಅಮ್ಮ ಮಾತಾಡ್ತಿಲ್ಲ ಅಂತ ನೋಡಿದ್ರೆ ನಿದ್ದೆ ಹೋಗಿದ್ದಾಳೆ. ಹುಡುಗಿ ಬಾಯಿ ಮೇಲೆ ಬೆರಳಿಟ್ಟು ಹೊರಗೆ ಕೂತ್ಕೊಳ್ತು.

ಎಲ್ಲ ಚೆನ್ನಾಗೇ ಇತ್ತು ಅಂತ ಹೇಳಲ್ಲ. ಲಾಡ್ಜ್ 900 ರೂಪಾಯಿ, ಬಿಸಿನೀರು ಬೆಳಿಗ್ಗೆ ಆರರಿಂದ ಏಳು ಅಂದ್ರು, ಆರೂ ಇಪ್ಪತ್ತಕ್ಕೇ ಖಾಲಿ. ರಾತ್ರಿ ಊಟಕ್ಕೆ ಸ್ವಲ್ಪ ಲೇಟಾಗಿ ಹೋಗಿ ಮೂರು ಹೋಟೆಲ್ ಸುತ್ತಿದ್ವಿ, ಕೊನೆಗೆ ಆ ಒಗ್ಗರಣೆ ಹಾಕದ ಮಂಡಕ್ಕಿನೇ ಕಾಪಾಡಿದ್ದು, ಅಮ್ಮ ಅದನ್ನ ಇನ್ನೂ ಹತ್ತು ವರ್ಷ ಹೇಳ್ತಾಳೆ. ಇಂಥ ಊರುಗಳಿಗೆ ಹೋಗೋದಾದ್ರೆ ದೇವಸ್ಥಾನದ ಲಿಸ್ಟಿಗಿಂತ ಮೊದಲು ವಾಪಸ್ ಬರೋ ಬಸ್ಸಿನ ಟೈಮ್ ಕೇಳ್ಕೊಳ್ಳಿ, ಮತ್ತೆ ಏಪ್ರಿಲ್-ಮೇ ತಿಂಗಳಲ್ಲಂತೂ ಬೇಡ, ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲೋಕಾಗಲ್ಲ. ಜಾಗ ಆರಿಸೋದು ಮಾತ್ರ ನಾನೀಗ ಬೇರೆ ಥರ ಮಾಡ್ತೀನಿ. ಯಾರನ್ನ ನೋಡ್ಬೇಕು ಅಂತ ಮೊದಲು, ಅವರಿಗೂ ನನಗೂ ಮಧ್ಯ ಯಾವ ಸ್ಟೇಷನ್ ಬರುತ್ತೆ ಅಂತ ಆಮೇಲೆ. ಮೈಸೂರಲ್ಲಿರೋ ಫ್ರೆಂಡಿಗೆ ಮಂಡ್ಯ ಅಂತ ಹೇಳಿದೀನಿ, ಅವಳು ನಕ್ಕಳು, ಆದ್ರೆ ಡೇಟ್ ಕೇಳಿದ್ಲು.

ಸಂಜೆ ಅಮ್ಮನ ಟ್ರೇನ್ ಮೊದಲು. ಹತ್ತಿ ಕಿಟಕಿ ಪಕ್ಕ ಕೂತವಳು ಕಂಬಿ ಮಧ್ಯದಿಂದ ಒಂದು ಕಾಯಿ ಕೊಡೋಕೆ ನೋಡಿದ್ಲು, ಸಿಪ್ಪೆ ಸಮೇತ, ಆಟೋದವರ ಮಾವ ಕೊಟ್ಟಿದ್ದಂತೆ, ಯಾವಾಗ ಇಸ್ಕೊಂಡ್ಲೋ ಗೊತ್ತಿಲ್ಲ. ಕಂಬಿ ಸಂದಿಯಲ್ಲಿ ಅದು ತೂರಲಿಲ್ಲ, ಬಾಗಿಲಿಗೆ ಓಡಿ ಬಂದು ಕೊಟ್ಲು. "ಮುಂದಿನ ಸಲ ತರೀಕೆರೆ. ಅಲ್ಲಿ ಅಮೃತಾಪುರ ಅಂತ ಐತಂತೆ, 1196ರ ಗುಡಿ. ನಿಂಗೆ ಸ್ವಲ್ಪ ದೂರ ಆಗುತ್ತೆ" ಅಂದ್ಲು. ಮಧ್ಯದಲ್ಲಿ ಸಿಗೋದು ಅಂತ ಮಾತಾಗಿತ್ತಲ್ಲ ಅಂದೆ. ಟ್ರೇನ್ ಹೊರಟಿತ್ತು, ಕೇಳಿಸಲಿಲ್ಲವೋ ಕೇಳಿಸದ ಹಾಗೆ ಮಾಡಿದ್ಲೋ. ಕಾಯಿ ಈಗ ನನ್ನ ಕಪಾಟಿನ ಮೇಲಿದೆ, ದಿನಾ ಅಲ್ಲಾಡಿಸ್ತೀನಿ, ಇನ್ನೂ ಗಳಕ್ ಅನ್ನುತ್ತೆ.